ಕರಿ ಕುರಿ, ಬಿಳಿ ಕುರಿ

ಭತ್ತದ ಕೊಯ್ಲು ಮುಗಿದ ಮೇಲೆ ದಾವಣಗೆರೆಯಿಂದ ಹರಿಹರದ ಕಡೆ ಹೋಗಿ ನೋಡಿ. ಭದ್ರಾ ನಾಲೆಯ ಗದ್ದೆಗಳಲ್ಲಿ ಕುರಿ ಮಂದೆ ಬೀಡುಬಿಟ್ಟಿರುತ್ತವೆ. ರಾತ್ರಿ ಕುರಿ ನಿಂತ ಗದ್ದೆಗೆ ಗೊಬ್ಬರ, ಕುರಿಗಾಹಿಗೆ ಕಾಳೋ ಕಾಸೋ. ಹೋದ ಸಲ ಊರಿಗೆ ಹೋದಾಗ ಒಬ್ಬರನ್ನ ಕೇಳಿದೆ, "ಇಷ್ಟೂ ನಿಮ್ಮವೇನಜ್ಜ?"

"ಎಲ್ಲೀವಪ್ಪ, ನಾಕು ಮನೆಯವು ಸೇರ್ಯಾವೆ. ಮಳೆ ಬಿದ್ರೆ ಅವ್ರವ್ರ ಕುರಿ ಅವ್ರವ್ರು ಹೊಡ್ಕಂಡು ಹೋಗ್ತಾರೆ."

ನನಗೆ ತಕ್ಷಣ ನೆನಪಾಗಿದ್ದು ಕಾರಾ ಕೊಯುನ್ಲು. ತುರ್ಕಿ ಮಾತಿನಲ್ಲಿ ಹಾಗಂದ್ರೆ 'ಕರಿ ಕುರಿಯವರು'. (ಕಾರಾ ಅಂದ್ರೆ ಕರಿ. ಬರೀ ಕಾಕತಾಳೀಯ, ಇದರ ಮೇಲೆ ಯಾರೂ ಸಿದ್ಧಾಂತ ಕಟ್ಟಬೇಡಿ!) ಇವರ ಎದುರಾಳಿಗಳು ಆಕ್ ಕೊಯುನ್ಲು, ಬಿಳಿ ಕುರಿಯವರು. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ 11ನೇ ಶತಮಾನದಲ್ಲಿ ಪಶ್ಚಿಮಕ್ಕೆ ಹೊರಟ ಒಗುಜ್ ತುರ್ಕರ ಪೀಳಿಗೆ ಇಬ್ಬರೂ. ಬೇಸಿಗೆಗೆ ಬೆಟ್ಟದ ಮೇಲೆ, ಚಳಿಗಾಲಕ್ಕೆ ಕೆಳಗೆ, ಕುರಿಯ ಹಿಂದೆ ಡೇರೆ.

ಬುಡಕಟ್ಟು ಅಂದರೆ ಒಂದೇ ರಕ್ತ ಅಂದ್ಕೋತೀವಿ. ಇಲ್ಲಿ ಹಾಗಲ್ಲ. ನಡುವೆ ಆಳುವ ಒಂದು ಮನೆತನ, ಸುತ್ತ ತಮ್ಮ ತಮ್ಮ ಕುರಿ, ಕುದುರೆ, ಸರದಾರರ ಸಮೇತ ಸೇರಿಕೊಂಡ ಬೇರೆ ಬೇರೆ ಕುಲಗಳು. ನಾಯಕ ಗೆಲ್ಲುತ್ತಿರುವಷ್ಟು ದಿನ ಮೇವಿದೆ, ಲೂಟಿಯಲ್ಲಿ ಪಾಲಿದೆ. ಸೋತರೆ ಡೇರೆ ಕಿತ್ತರು ಅಂತಲೇ ಲೆಕ್ಕ. 1467ರಲ್ಲಿ ಬಿಳಿ ಕುರಿಯವರ ಉಜುನ್ ಹಸನ್, ತಬ್ರೀಜಿನಿಂದ ಆಳುತ್ತಿದ್ದ ಕರಿ ಕುರಿಯವರ ಜಹಾನ್ ಶಾನನ್ನು ಮುಗಿಸಿದ. ಕೆಲವೇ ವರ್ಷಗಳಲ್ಲಿ ಆ ಒಕ್ಕೂಟವೇ ಇರಲಿಲ್ಲ. ಜನ ಸತ್ತುಹೋಗಿರಲಿಲ್ಲ, ಎಷ್ಟೋ ಕುಲಗಳು ಬಿಳಿ ಕುರಿಯ ಕಡೆ ಹೋದವು, ಮುಂದೆ ಸಫಾವಿಗಳ ಕಡೆ. ಕಂಪನಿ ಮುಳುಗಿದಾಗ ಟೀಮಿಗೆ ಟೀಮೇ ಎದುರಿನ ಕಂಪನಿ ಸೇರಿದ ಹಾಗೆ.

ಆದರೆ ಸೋತ ಒಡೆಯನ ಬಂಧುಗಳಿಗೆ ಆ ಅನುಕೂಲ ಎಲ್ಲಿ? ಹಮದಾನ್ ಕಡೆಯ ಸುಲ್ತಾನ್ ಕುಲಿ ಅನ್ನೋ ಆ ವಂಶದ ಹುಡುಗ ಕೆಲಸ ಹುಡುಕಿಕೊಂಡು ಬಂದಿದ್ದು ನಮ್ಮ ಬೀದರಿಗೆ, ಬಹಮನಿಗಳ ಹತ್ತಿರ. ಮೇಲೆ ಮೇಲೆ ಏರಿ ಗೋಲ್ಕೊಂಡದ ಕುತುಬ್ ಶಾಹಿ ಮನೆತನ ಕಟ್ಟಿದ. 1543ರಲ್ಲಿ ಅವನ ಕೊಲೆಯಾಯಿತು. ಮಾಡಿಸಿದ್ದು ಮಗ ಜಮ್ಷೀದ್.

ಜೀವ ಉಳಿಸಿಕೊಳ್ಳಲು ತಮ್ಮ ಇಬ್ರಾಹಿಂ ಓಡಿದ್ದು ಎಲ್ಲಿಗೆ ಗೊತ್ತಾ? ಹಂಪಿಗೆ, ಅಳಿಯ ರಾಮರಾಯನ ಹತ್ತಿರ. ಹರಿಹರ ದಾಟಿ ಹೋಗುವ ಇದೇ ತುಂಗಭದ್ರೆಯ ದಡದಲ್ಲಿ ಕರಿ ಕುರಿಯ ಕುಡಿ ಏಳು ವರ್ಷ ಕಳೆಯಿತು. 1550ರಲ್ಲಿ ಹಿಂತಿರುಗಿ ಸುಲ್ತಾನನಾದ, ತೆಲುಗು ಕವಿಗಳಿಗೆ ಆಸರೆಯಾದ. ಅವರ ಬಾಯಲ್ಲಿ ಇಬ್ರಾಹಿಂ 'ಮಲ್ಕಿಭರಾಮ'.

ಶಾಲೆಯಲ್ಲಿ ನಮಗೆ ಇವನು ಸಿಕ್ಕಿದ್ದು ತಾಳಿಕೋಟೆ ಪಾಠದಲ್ಲಿ ಮಾತ್ರ, ಒಟ್ಟುಗೂಡಿದ ಸುಲ್ತಾನರ ಪಟ್ಟಿಯಲ್ಲಿ ಒಂದು ಹೆಸರಾಗಿ. ಪಟ್ಟಿ ತಪ್ಪೇನಲ್ಲ. 1565ರ ಜನವರಿಯಲ್ಲಿ, ಏಳು ವರ್ಷ ಅನ್ನ ಹಾಕಿದ ರಾಮರಾಯನ ಎದುರಿನ ಸೇನೆಯಲ್ಲೇ ಅವನಿದ್ದ.