ಮೊಹೆಂಜೊದಾರೊ: ನಗರವೂ ಚಿತ್ರವೂ

ಇತಿಹಾಸವನ್ನು ಜನಸಾಮಾನ್ಯರ ಬಳಿಗೆ ಕೊಂಡೊಯ್ಯುವ ಸಾಧನಗಳಲ್ಲಿ ಚಲಚ್ಚಿತ್ರದಷ್ಟು ಪ್ರಬಲವಾದುದು ವಿರಳ. ವಿದ್ವಾಂಸರ ಗ್ರಂಥಗಳು ಓದುಗರನ್ನು ಕಾಯುತ್ತ ಕಪಾಟಿನಲ್ಲಿ ಕುಳಿತಿರುವಾಗ, ಎರಡೂವರೆ ಗಂಟೆಯ ಒಂದು ಚಿತ್ರವು ಲಕ್ಷಾಂತರ ಜನರ ಮನಸ್ಸಿನಲ್ಲಿ ಒಂದು ಕಾಲದ ರೂಪವನ್ನು ಅಚ್ಚೊತ್ತಿಬಿಡುತ್ತದೆ. ಆದುದರಿಂದ ಐತಿಹಾಸಿಕ ಚಿತ್ರವೊಂದು ದಾರಿ ತಪ್ಪಿದಾಗ ಆಗುವ ನಷ್ಟವು ನಿರ್ಮಾಪಕರ ಬೊಕ್ಕಸಕ್ಕಷ್ಟೇ ಸೀಮಿತವಾದುದಲ್ಲ. ನೋಡುಗರ ತಿಳಿವಳಿಕೆಗೂ ಅದರ ಪಾಲು ಸಲ್ಲುತ್ತದೆ. ಈ ಮಾತಿಗೆ ನಿದರ್ಶನವಾಗಿ 2016ರ ಆಗಸ್ಟ್ 12ರಂದು ತೆರೆಕಂಡ ‘ಮೊಹೆಂಜೊದಾರೊ’ ಎಂಬ ಹಿಂದಿ ಚಿತ್ರವನ್ನು ಇಲ್ಲಿ ವಿಚಾರಿಸಬಹುದು.

ಇದನ್ನು ನಿರ್ದೇಶಿಸಿದವರು ‘ಲಗಾನ್’ (2001), ‘ಜೋಧಾ ಅಕ್ಬರ್’ (2008) ಚಿತ್ರಗಳಿಂದ ಖ್ಯಾತರಾದ ಆಶುತೋಷ್ ಗೋವಾರಿಕರ್. ನಾಯಕನಾಗಿ ಹೃತಿಕ್ ರೋಷನ್, ಪ್ರತಿನಾಯಕನಾಗಿ ಕಬೀರ್ ಬೇಡಿ, ಸಂಗೀತಕ್ಕೆ ಎ. ಆರ್. ರೆಹಮಾನ್. ವೆಚ್ಚವಾದುದು ನೂರು ಕೋಟಿ ರೂಪಾಯಿಗಳಿಗೂ ಮಿಗಿಲು. ಗುಜರಾತಿನ ಭುಜ್ ಬಳಿ ಒಂದು ಪುರಾತನ ನಗರವನ್ನೇ ನಿರ್ಮಿಸಲಾಯಿತು. ಹರಪ್ಪಾ ಉತ್ಖನನದಲ್ಲಿ ದೀರ್ಘಕಾಲ ದುಡಿದ ಕೆನೋಯರ್ ಮೊದಲಾದ ವಿದ್ವಾಂಸರ ಸಲಹೆಯನ್ನೂ ಪಡೆಯಲಾಯಿತು. ಇಷ್ಟೆಲ್ಲ ಸಿದ್ಧತೆಯಿದ್ದೂ ಚಿತ್ರವು ಪ್ರೇಕ್ಷಕರನ್ನೂ ಮೆಚ್ಚಿಸಲಿಲ್ಲ, ವಿಮರ್ಶಕರನ್ನೂ ಮೆಚ್ಚಿಸಲಿಲ್ಲ. ಇದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾಗಿದೆ.

ಕಥೆ ಸರಳವಾದುದು. ಆಮ್ರಿ ಎಂಬ ಹಳ್ಳಿಯಿಂದ ನೀಲಿ ಬೆಳೆಯುವ ತರುಣನೊಬ್ಬ ವ್ಯಾಪಾರಕ್ಕೆಂದು ಮಹಾನಗರಕ್ಕೆ ಬರುತ್ತಾನೆ. ಅಲ್ಲಿನ ಸಭೆಯ ಪ್ರಧಾನನು ದುರಾಶೆಯವನು. ಜನರ ಮೇಲೆ ತೆರಿಗೆ ಹೇರುತ್ತಾನೆ, ಚಿನ್ನಕ್ಕಾಗಿ ಸಿಂಧೂನದಿಗೆ ಅಣೆಕಟ್ಟು ಕಟ್ಟಿಸಿದ್ದಾನೆ. ತರುಣನು ಪ್ರೇಮದಲ್ಲಿ ತೊಡಗುತ್ತಾನೆ, ಅಂಗಣದಲ್ಲಿ ನರಭಕ್ಷಕರೊಡನೆ ಸೆಣಸಿ ಗೆಲ್ಲುತ್ತಾನೆ. ಹಿಂದೆ ಅನ್ಯಾಯವಾಗಿ ಕೊಲ್ಲಲ್ಪಟ್ಟ ಸತ್ಪುರುಷನೊಬ್ಬನ ಮಗನೇ ಅವನೆಂದು ತಿಳಿದುಬರುತ್ತದೆ. ಕೊನೆಗೆ ಅಣೆಕಟ್ಟು ಒಡೆದು ನಗರ ಮುಳುಗುತ್ತದೆ. ಬದುಕುಳಿದವರು ಗಂಗಾತೀರಕ್ಕೆ ನಡೆಯುತ್ತಾರೆ.

ಇಲ್ಲಿನ ಊರಿನ ಹೆಸರನ್ನು ತೆಗೆದು ರೋಮ್ ಎಂದೋ ಬ್ಯಾಬಿಲೋನ್ ಎಂದೋ ಇಟ್ಟರೂ ಕಥೆಗೆ ಯಾವ ಬಾಧೆಯೂ ಆಗದು. ಚಿತ್ರದ ಮುಖ್ಯ ದೋಷವಿರುವುದು ಇಲ್ಲಿಯೇ. ಕುದುರೆ ಇತ್ತೇ ಇಲ್ಲವೇ, ನಾಯಕಿಯ ಶಿರೋಭೂಷಣ ಸರಿಯೇ ತಪ್ಪೇ ಎಂದು ಅಂದು ಬಹಳ ಚರ್ಚೆ ನಡೆಯಿತು. ಅವು ಸಣ್ಣ ಮಾತುಗಳು. ಇಟ್ಟಿಗೆ, ಮುದ್ರೆ, ಬೀದಿಗಳನ್ನು ಶ್ರಮವಹಿಸಿ ತಂದವರು, ಆ ನಗರವನ್ನು ಜಗತ್ತಿನ ಇತರ ಪ್ರಾಚೀನ ನಗರಗಳಿಂದ ಬೇರ್ಪಡಿಸುವ ಗುಣವನ್ನೇ ಕೈಬಿಟ್ಟರು.

ಆ ಗುಣವಾವುದು? 1921ರಲ್ಲಿ ದಯಾರಾಮ ಸಾಹನಿಯವರು ಹರಪ್ಪಾದಲ್ಲಿಯೂ 1922ರಲ್ಲಿ ರಾಖಾಲದಾಸ ಬ್ಯಾನರ್ಜಿಯವರು ಮೊಹೆಂಜೊದಾರೊದಲ್ಲಿಯೂ ಉತ್ಖನನ ಆರಂಭಿಸಿದರು. 1924ರ ಸೆಪ್ಟೆಂಬರಿನಲ್ಲಿ ಜಾನ್ ಮಾರ್ಷಲ್ ಈ ನಾಗರಿಕತೆಯ ಶೋಧವನ್ನು ಲೋಕಕ್ಕೆ ಸಾರಿದರು. ಅಂದಿನಿಂದ ಒಂದು ಶತಮಾನವೇ ಕಳೆದಿದೆ. ಕ್ರಿ.ಪೂ. 2600ರಿಂದ 1900ರ ವರೆಗೆ ಬಾಳಿದ ಆ ನಗರದಲ್ಲಿ ನೇರವಾದ ಬೀದಿಗಳಿವೆ, ಮುಚ್ಚಿದ ಚರಂಡಿಗಳಿವೆ. ಇಟ್ಟಿಗೆಗಳ ದಪ್ಪ, ಅಗಲ, ಉದ್ದಗಳು 1:2:4ರ ಪ್ರಮಾಣವನ್ನು ಅನುಸರಿಸುತ್ತವೆ. ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳದ ಮಹಾಸ್ನಾನಗೃಹಕ್ಕೆ ನೀರು ಸೋರದಂತೆ ಕಲ್ಲರಗು ಬಳಿಯಲಾಗಿದೆ. ಊರಿನಲ್ಲಿ ಸುಮಾರು 700 ಬಾವಿಗಳಿದ್ದಿರಬೇಕೆಂದು ಜರ್ಮನ್ ವಿದ್ವಾಂಸ ಯಾನ್ಸೆನ್ ಅಂದಾಜು ಮಾಡಿದ್ದಾರೆ. ತೂಕದ ಕಲ್ಲುಗಳು ದೂರದೂರದ ಊರುಗಳಲ್ಲಿಯೂ ಒಂದೇ ಪದ್ಧತಿಯಲ್ಲಿವೆ.

ಇಷ್ಟು ದೊಡ್ಡ ನಗರದಲ್ಲಿ ನಿಸ್ಸಂದೇಹವಾಗಿ ಅರಮನೆಯೆಂದು ಹೇಳಬಹುದಾದ ಕಟ್ಟಡವೊಂದೂ ದೊರೆತಿಲ್ಲ. ಈಜಿಪ್ಟಿನ ಪಿರಮಿಡ್ಡಿನಂತಹ ರಾಜಸಮಾಧಿಯಿಲ್ಲ. ವೈರಿಗಳನ್ನು ತುಳಿದು ನಿಂತ ಅರಸನ ಚಿತ್ರ ನೈಲ್ ನದಿಯ ತೀರದಲ್ಲಿಯೂ ಮೆಸೊಪೊಟೇಮಿಯಾದಲ್ಲಿಯೂ ಇದೆ, ಇಲ್ಲಿಲ್ಲ. ಆಳುವವರು ಇರಲೇ ಇಲ್ಲವೆಂದು ಇದರಿಂದ ಸಾಧಿಸಿದಂತಾಗದು. ಆದರೆ ಅವರು ಯಾರೇ ಆಗಿರಲಿ, ತಮ್ಮ ಹೆಸರನ್ನೂ ಹಿರಿಮೆಯನ್ನೂ ಮೆರೆಸುವ ಸ್ಮಾರಕಗಳನ್ನು ಬಿಟ್ಟು ಹೋಗಲಿಲ್ಲ. ಕಾಣಸಿಗುವುದು ಬಾವಿ, ಚರಂಡಿ, ತೂಕದ ಕಲ್ಲುಗಳು. ಎಂದರೆ ಸಾಮಾನ್ಯ ಜನರ ದಿನನಿತ್ಯದ ಅನುಕೂಲ. ಇಂತಹ ನಗರ ಹೇಗೆ ನಡೆಯುತ್ತಿತ್ತು, ಬಾವಿಗಳನ್ನು ಯಾರು ಶುಚಿಯಾಗಿಡುತ್ತಿದ್ದರು, ಅಳತೆಯ ಪ್ರಾಮಾಣ್ಯವನ್ನು ಯಾರು ಕಾಯುತ್ತಿದ್ದರು ಎಂಬ ಪ್ರಶ್ನೆಗಳಲ್ಲಿ ಒಂದು ಮಹಾಕಥೆಯೇ ಅಡಗಿದೆ. ಚಿತ್ರದಲ್ಲಿಯೂ ಸಭೆಯೊಂದಿದೆ ನಿಜ. ಆದರೆ ಅದು ಕ್ರೂರಿಯೊಬ್ಬನ ಗದ್ದುಗೆಗೆ ಹಿನ್ನೆಲೆಯಾಗಿ ಉಳಿಯಿತೇ ಹೊರತು ಕಥೆಯ ಜೀವವಾಗಲಿಲ್ಲ.

ಹೆಸರಿನ ವಿಷಯವನ್ನೂ ಗಮನಿಸಿರಿ. ‘ಮೊಹೆಂಜೊದಾರೊ’ ಎಂಬುದಕ್ಕೆ ಸಿಂಧಿ ಭಾಷೆಯಲ್ಲಿ ‘ಸತ್ತವರ ದಿಬ್ಬ’ ಎಂಬ ಅರ್ಥವನ್ನು ಸಾಮಾನ್ಯವಾಗಿ ಹೇಳುತ್ತಾರೆ. ಹಾಳಾದ ಊರಿಗೆ ಸಾವಿರಾರು ವರ್ಷಗಳ ತರುವಾಯ ಬಂದ ಹೆಸರಿದು. ಚಿತ್ರದ ಪಾತ್ರಗಳಾದರೋ ತಾವು ಬಾಳುತ್ತಿರುವ ಸಿರಿವಂತ ನಗರವನ್ನು ಹೆಮ್ಮೆಯಿಂದ ಇದೇ ಹೆಸರಿನಿಂದ ಕರೆಯುತ್ತವೆ! ಅಲ್ಲಿನ ಲಿಪಿಯನ್ನು ಸರ್ವಸಮ್ಮತವಾಗಿ ಓದುವುದು ಇಂದಿಗೂ ಸಾಧ್ಯವಾಗಿಲ್ಲ. ಆದ್ದರಿಂದ ಅದರ ನಿಜನಾಮ ನಮಗೆ ಅಜ್ಞಾತವಾಗಿದೆ.

ನಗರದ ಅಂತ್ಯವೂ ಹೀಗೆಯೇ. ನೆರೆಗಳು ಮತ್ತೆ ಮತ್ತೆ ಬಂದುದಕ್ಕೆ ಕುರುಹುಗಳಿವೆ. ಆದರೆ ಮಳೆಗಾಲ ಕ್ಷೀಣಿಸಿದುದು, ನದಿಗಳ ಹರಿವು ಬದಲಾದುದು, ದೂರದೇಶಗಳೊಡನೆ ವ್ಯಾಪಾರ ತಗ್ಗಿದುದು ಮೊದಲಾದ ಅನೇಕ ಕಾರಣಗಳಿಂದ, ತಲೆಮಾರುಗಳ ಕಾಲಾವಧಿಯಲ್ಲಿ ಜನರು ನಗರಗಳನ್ನು ಬಿಟ್ಟು ಹಳ್ಳಿಗಳಿಗೆ ಚದುರಿದರೆಂಬುದು ಇಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಮಕ್ಕಳು ಒಬ್ಬೊಬ್ಬರಾಗಿ ಊರು ಬಿಟ್ಟು, ಹಿರಿಯರಷ್ಟೇ ಉಳಿದು, ಚರಂಡಿಗೆ ದಿಕ್ಕಿಲ್ಲದಂತಾಗುವ ಊರಿನ ದುಃಖವನ್ನು ನಮ್ಮ ಹಳ್ಳಿಗಳಲ್ಲಿ ಕಂಡವರು ಬಲ್ಲರು. ಅದನ್ನು ತೋರಿಸಿದ್ದರೆ ನೋಡುಗರ ಹೃದಯ ಕರಗುತ್ತಿತ್ತು. ಚಿತ್ರವು ಆರಿಸಿಕೊಂಡುದು ಒಂದೇ ಏಟಿಗೆ ಎಲ್ಲವನ್ನೂ ಮುಗಿಸುವ ಪ್ರವಾಹವನ್ನು.

ಹೀಗೆಂದು ಚಿತ್ರರಂಗದವರನ್ನು ಮಾತ್ರ ದೂರುವುದು ನ್ಯಾಯವಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವೀಲರ್ ಮಹಾಮೇಧಾವಿ. ಅವರೇ ಮೊಹೆಂಜೊದಾರೊದ ಬೀದಿಗಳಲ್ಲಿ ದೊರೆತ ಕೆಲವು ಅಸ್ಥಿಪಂಜರಗಳನ್ನು ಆಧರಿಸಿ, ಆಕ್ರಮಣಕಾರರು ನಗರದ ಕೊನೆಯ ಜನರನ್ನು ಸಂಹರಿಸಿದರೆಂದು ವಾದಿಸಿದರು. ಆ ಕಥೆ ಪಠ್ಯಪುಸ್ತಕಗಳನ್ನೂ ಹೊಕ್ಕಿತು. 1964ರಲ್ಲಿ ಜಾರ್ಜ್ ಡೇಲ್ಸ್ ಅದಕ್ಕೆ ಆಧಾರವಿಲ್ಲವೆಂದು ತೋರಿಸಿದರು. ವೀಲರ್ ‘ಧಾನ್ಯಾಗಾರ’ವೆಂದು ಕರೆದ ಕಟ್ಟಡದಲ್ಲಿ ಧಾನ್ಯದ ಕುರುಹು ಸಿಕ್ಕಿಲ್ಲ. 17.5 ಸೆಂಟಿಮೀಟರ್ ಎತ್ತರದ ಪ್ರಸಿದ್ಧ ಶಿಲ್ಪಕ್ಕೆ ‘ಪುರೋಹಿತ ರಾಜ’ ಎಂಬ ಹೆಸರಿಟ್ಟವರೂ ಆಧುನಿಕರೇ. ಮೌನವಿದ್ದೆಡೆ ತನ್ನ ಕಾಲದ ಮಾತನ್ನು ತುಂಬುವ ಚಪಲ ಪಂಡಿತರನ್ನೂ ಬಿಟ್ಟಿಲ್ಲ.

ಸದ್ಭಕ್ತರೆ, ಈ ಮಾತು ನಮ್ಮ ಅಂಗಳಕ್ಕೂ ಬರುತ್ತದೆ. ಮೂರೂವರೆ ಸೆಂಟಿಮೀಟರಿನ ಒಂದು ಮುದ್ರೆಯಲ್ಲಿ ಕೊಂಬಿನ ಕಿರೀಟ ಧರಿಸಿ, ಮೃಗಗಳ ನಡುವೆ ಆಸನಸ್ಥವಾಗಿರುವ ಆಕೃತಿಯೊಂದಿದೆ. ಅದನ್ನು ಶಿವನ ಪೂರ್ವರೂಪವೆಂದು ಮಾರ್ಷಲ್ 1931ರಲ್ಲಿ ಸೂಚಿಸಿದರು. ನಮ್ಮ ಸಭೆ ಸಮಾರಂಭಗಳಲ್ಲಿ ಅದನ್ನು ಸಿದ್ಧಸತ್ಯವೆಂಬಂತೆ ಹೇಳುವ ರೂಢಿಯಿದೆ. ಆ ಊಹೆಯನ್ನು ಒಪ್ಪುವ ವಿದ್ವಾಂಸರಿರುವಂತೆ ಒಪ್ಪದವರೂ ಇದ್ದಾರೆ. ಲಿಪಿ ಓದಲಾಗದಿರುವಾಗ ನಿರ್ಣಯ ಕಠಿಣ. ನಮ್ಮ ಭಕ್ತಿಗೆ ಆ ಮುದ್ರೆಯ ಸಾಕ್ಷ್ಯ ಬೇಕಾಗಿಲ್ಲ. ಆಧಾರವಿಲ್ಲದ ಹೆಮ್ಮೆಯನ್ನು ಪ್ರಾಚೀನರ ಮೇಲೆ ಹೊರಿಸಿದರೆ, ನಾವೂ ನಮ್ಮದೇ ಒಂದು ಅಗ್ಗದ ಚಿತ್ರವನ್ನು ತೆಗೆದಂತಾಗುತ್ತದೆ.

ಕಲ್ಪನೆಯೇ ಕೂಡದೆಂದು ನಾವು ಹೇಳುತ್ತಿಲ್ಲ. ಕಲ್ಪನೆಯಿಲ್ಲದೆ ಕಾವ್ಯವಿಲ್ಲ, ಇತಿಹಾಸಕ್ಕೂ ಅದು ಬೇಕು. ಆದರೆ ಕಲ್ಪನೆಯು ದೊರೆತ ಸಾಕ್ಷ್ಯದಿಂದ ಮೊಳೆತು ಬೆಳೆಯಬೇಕು. ಬೇರೆಡೆಯಿಂದ ತಂದ ಕಥೆಗೆ ಸಾಕ್ಷ್ಯವನ್ನು ಅಲಂಕಾರವಾಗಿ ತೊಡಿಸಿದರೆ ಕಥೆಯೂ ನಿಲ್ಲದು, ಸಾಕ್ಷ್ಯವೂ ಉಳಿಯದು. ಕೋಟಿಗಟ್ಟಲೆ ಹಣವೂ ಆ ಕೊರತೆಯನ್ನು ತುಂಬಲಾರದು.

ಚಿತ್ರಕ್ಕಾಗಿ ಕೃತಕ ನಗರವನ್ನು ಕಟ್ಟಿದ ಅದೇ ಕಛ್ ಜಿಲ್ಲೆಯಲ್ಲಿ ಧೋಲಾವೀರ ಎಂಬ ನಿಜವಾದ ಹರಪ್ಪಾ ನಗರವಿದೆ. 2021ರಲ್ಲಿ ಅದು ವಿಶ್ವಪರಂಪರೆಯ ತಾಣವಾಗಿ ಘೋಷಿತವಾಯಿತು. ಬಂಡೆಯನ್ನು ಕೊರೆದು ಮಾಡಿದ ಅಲ್ಲಿನ ಜಲಾಶಯಗಳನ್ನು ಇಂದಿಗೂ ಕಾಣಬಹುದು. ಉತ್ತರದ ಬಾಗಿಲ ಬಳಿ ಹತ್ತು ದೊಡ್ಡ ಅಕ್ಷರಗಳ ಫಲಕವೊಂದು ದೊರೆತಿದೆ. ಉತ್ತರದ ಯಾತ್ರೆ ಕೈಗೊಳ್ಳುವ ಭಕ್ತರು, ವಿಶೇಷವಾಗಿ ಶಿಕ್ಷಕವೃತ್ತಿಯಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು, ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿಬರಲಿ. ಮಳೆ ಅಪರೂಪವಾದ ನಾಡಿನಲ್ಲಿ ಹನಿಹನಿಯನ್ನು ಕೂಡಿಟ್ಟು ಬಾಳಿದವರ ಆ ಜಲಾಶಯದ ಮೆಟ್ಟಿಲ ಮೇಲೆ ಮಕ್ಕಳನ್ನು ಕೂರಿಸಿ, ಇದನ್ನು ಯಾರು, ಏಕೆ, ಹೇಗೆ ಕಟ್ಟಿದರೆಂದು ಕೇಳಲಿ. ಉತ್ತರ ತಕ್ಷಣ ಬಾರದಿದ್ದರೂ ಚಿಂತೆಯಿಲ್ಲ. ಪ್ರಶ್ನೆಯನ್ನು ಹೊತ್ತು ಮನೆಗೆ ಮರಳುವ ಮಗುವಿಗೆ ಇತಿಹಾಸದ ಮೊದಲ ಪಾಠ ದೊರೆತಂತೆಯೇ ಸರಿ.