ಡಬ್ಬಿ ಹೋದ್ರೂ ಬುತ್ತಿ ಉಳೀಬೇಕು: ತಾಳಗುಂದದ ಕಂಬ, ಬೆಂಗಳೂರಿನ ಗ್ಲಸ್ಟರ್

ಇಯರ್‌ಫೋನ್ ಹಾಕ್ಕೊಂಡು ಶಿಕಾರಿಪುರದ ಬಸ್ಸಲ್ಲಿ ಕೂತಿರೋರಿಗೂ, ಬೆಂಗಳೂರಲ್ಲಿ ಮೆಟ್ರೋಗೆ ಕಾಯ್ತಿರೋ ಸೊರಬದ ಹುಡುಗ ಹುಡುಗಿಯರಿಗೂ ಸ್ವಾಗತ. ಇವತ್ತಿನ ಪ್ರಶ್ನೆ ಒಂದೇ: ಬರೆದಿಟ್ಟದ್ದು ಉಳಿಯೋದು ಹೇಗೆ?

ಶಿಕಾರಿಪುರ ತಾಲ್ಲೂಕಿನ ತಾಳಗುಂದ ನೋಡಿದ್ದೀರಲ್ವಾ? ಪ್ರಣವೇಶ್ವರ ದೇವಸ್ಥಾನದ ಎದುರಿಗೆ ಒಂದು ಕಲ್ಲಿನ ಕಂಬ ಇದೆ. ಕದಂಬರ ವಂಶದ ಕಥೆ, ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸಂಗತಿ, ಎಲ್ಲವನ್ನೂ 5ನೇ ಶತಮಾನದಲ್ಲಿ ಕುಬ್ಜ ಅನ್ನೋ ಕವಿ ಸಂಸ್ಕೃತದಲ್ಲಿ ಬರೆದ. 1894ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆ ಮಾಡಿದರು. 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ‘ಶಿಕಾರಿಪುರ 176’ ಅಂತ ಅದು ಅಚ್ಚಾಯ್ತು. ಸೊರಬದ ಶಾಸನಗಳು 1904ರ 8ನೇ ಸಂಪುಟದಲ್ಲಿ ಬಂದವು. ಕಲ್ಲು ಊರಲ್ಲಿ, ಅದರ ಪಾಠ ಪುಸ್ತಕದಲ್ಲಿ, ಪುಸ್ತಕ ಎಷ್ಟೋ ಲೈಬ್ರರಿಗಳಲ್ಲಿ. ಒಂದು ಕಡೆ ಹಾಳಾದ್ರೂ ಇನ್ನೊಂದು ಕಡೆ ಸಿಗುತ್ತೆ.

ಒಂದೇ ಮಾಹಿತಿಯನ್ನು ಹಲವು ಕಡೆ ಹಂಚಿ ಕಾಪಾಡೋ ಇದೇ ಕೆಲಸವನ್ನು ಕಂಪ್ಯೂಟರಲ್ಲಿ ಮಾಡೋ ಸಾಫ್ಟ್‌ವೇರ್‌ಗೆ ಡಿಸ್ಟ್ರಿಬ್ಯೂಟೆಡ್ ಸ್ಟೋರೇಜ್ ಅಂತಾರೆ. ಅದರ ಒಂದು ದೊಡ್ಡ ಅಧ್ಯಾಯ ಬೆಂಗಳೂರಲ್ಲೇ ನಡೀತು. ಹೆಸರು ಗ್ಲಸ್ಟರ್. ಕಂಪನಿ 2005ರಲ್ಲಿ ಶುರುವಾಯ್ತು. ಸ್ಥಾಪಕರಲ್ಲಿ ಒಬ್ಬರು ಆನಂದ್ ಬಾಬು ಪೆರಿಯಸಾಮಿ. ಅದಕ್ಕೂ ಮುಂಚೆ ಅಮೆರಿಕದಲ್ಲಿ ಥಂಡರ್ ಅನ್ನೋ ಸೂಪರ್ ಕಂಪ್ಯೂಟರ್ ಕಟ್ಟಿದ ಕಂಪನಿಯಲ್ಲಿದ್ದರು. ಗ್ಲಸ್ಟರಿನ ಎಂಜಿನಿಯರಿಂಗ್ ತಂಡ ಇದ್ದದ್ದು ಬೆಂಗಳೂರಲ್ಲಿ. 2011ರಲ್ಲಿ ರೆಡ್ ಹ್ಯಾಟ್ ಕಂಪನಿ ಸುಮಾರು 13.6 ಕೋಟಿ ಡಾಲರ್ ಕೊಟ್ಟು ಅದನ್ನು ಕೊಂಡುಕೊಳ್ತು.

ಗ್ಲಸ್ಟರಲ್ಲಿ ಡೇಟಾ ಕೂರೋ ಜಾಗದ ಹೆಸರು ಬ್ರಿಕ್, ಅಂದ್ರೆ ಇಟ್ಟಿಗೆ. ಮೂರು ಸರ್ವರಿನ ಮೂರು ಇಟ್ಟಿಗೆಗಳಲ್ಲಿ ಒಂದೇ ಫೈಲಿನ ಮೂರು ಪ್ರತಿ ಇಡಬಹುದು. ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ ಹಿಡ್ಕೊಂಡು ಕೂರೋ ಯಜಮಾನ ಸರ್ವರ್ ಬೇಕಿಲ್ಲ. ಫೈಲಿನ ಹೆಸರಿಂದಲೇ ಲೆಕ್ಕ ಹಾಕಿ ಜಾಗ ಕಂಡುಹಿಡೀತದೆ.

2013ರಲ್ಲಿ ಡಾಕರ್ ಬಂತು. ಸಾಫ್ಟ್‌ವೇರ್ ಮತ್ತು ಅದಕ್ಕೆ ಬೇಕಾದ ಸಾಮಾನೆಲ್ಲ ಒಂದೇ ಡಬ್ಬಿಯಲ್ಲಿ ತುಂಬಿದ್ರೆ ಅದೇ ಕಂಟೇನರ್ ಇಮೇಜ್. ಡಬ್ಬಿ ಕೆಟ್ರೆ ಎಸೆದು ಹೊಸದು ತೆಗೀರಿ, ಇದು ಡಾಕರಿನ ಸ್ವಭಾವ. ಆದ್ರೆ ಸ್ಟೋರೇಜಿನ ಧರ್ಮ ಉಲ್ಟಾ: ಏನನ್ನೂ ಎಸೀಬಾರದು. ಗ್ಲಸ್ಟರನ್ನು ಡಬ್ಬಿಗೆ ತುಂಬಲು ಹೊರಟ ಎಂಜಿನಿಯರುಗಳಿಗೆ, ಬೆಂಗಳೂರಿನವರೂ ಸೇರಿ, ಎದುರಾದದ್ದು ಇದೇ ಜಗಳ.

ಅವರು ಕಂಡುಕೊಂಡ ದಾರಿ: ಸಾಫ್ಟ್‌ವೇರ್ ಒಳಗೆ, ನೆನಪು ಹೊರಗೆ. ಇಟ್ಟಿಗೆಗಳು, ಕಾನ್ಫಿಗರೇಷನ್, ಲಾಗ್ ಎಲ್ಲವೂ ಸರ್ವರಿನ ಡಿಸ್ಕಿನಲ್ಲೇ ಇರ್ತವೆ, ಕಂಟೇನರಿಗೆ ಅವನ್ನು ಜೋಡಿಸ್ತಾರೆ. ಆದ್ರೆ ಮೊದಲ ದಿನ ಹೊರಗಿನ ಫೋಲ್ಡರ್ ಖಾಲಿ. ಅದನ್ನು ಜೋಡಿಸಿದ ತಕ್ಷಣ ಇಮೇಜಿನೊಳಗಿದ್ದ ಫೈಲುಗಳು ಅದರಡಿ ಮರೆಯಾಗ್ತವೆ! ಹಾಗಾಗಿ ಇಮೇಜ್ ಕಟ್ಟುವಾಗಲೇ ಆ ಫೈಲುಗಳ ಇನ್ನೊಂದು ನಕಲನ್ನು ಪಕ್ಕಕ್ಕಿಟ್ಟರು. ಕಂಟೇನರ್ ಏಳುವಾಗ ಫೋಲ್ಡರ್ ಖಾಲಿ ಇದ್ರೆ ಒಂದು ಸ್ಕ್ರಿಪ್ಟ್ ಆ ನಕಲನ್ನು ತುಂಬುತ್ತೆ.

ಇನ್ನೊಂದು ಎಚ್ಚರಿಕೆ ಇದೆ. ಪ್ರತಿ ಸರ್ವರಿಗೂ ಒಂದು ಗುರುತಿನ ಸಂಖ್ಯೆ ಉಂಟು. ಅದು ಅಪ್ಪಿತಪ್ಪಿ ಇಮೇಜಿನೊಳಗೆ ಸೇರಿಬಿಟ್ರೆ, ಆ ಇಮೇಜಿಂದ ಎದ್ದ ಎಲ್ಲ ಸರ್ವರುಗಳಿಗೂ ಒಂದೇ ಗುರುತು. ಒಂದನ್ನೊಂದು ಸೇರಿಸ್ಕೊಳ್ಳಲ್ಲ. ಒಂದೇ ಊರಲ್ಲಿ ಎಲ್ಲರಿಗೂ ಒಂದೇ ಆಧಾರ್ ನಂಬರ್ ಕೊಟ್ಟ ಹಾಗೆ.

ಈಗ ಬೇಸರದ ಭಾಗ. 2022ರ ಕೊನೆಗೆ ಬಂದ ಕುಬರ್ನೆಟೀಸ್ 1.26 ಆವೃತ್ತಿ ತನ್ನೊಳಗಿದ್ದ ಗ್ಲಸ್ಟರ್ ಸಂಪರ್ಕವನ್ನು ತೆಗೆದುಹಾಕ್ತು. 2024ರ ಡಿಸೆಂಬರ್ 31ಕ್ಕೆ ರೆಡ್ ಹ್ಯಾಟಿನ ಗ್ಲಸ್ಟರ್ ಉತ್ಪನ್ನಕ್ಕೆ ಬೆಂಬಲ ಮುಗೀತು. ಅದೇ ವರ್ಷ ಜೂನ್ 30ಕ್ಕೆ ಸೆಂಟ್ ಓಎಸ್ 7ರ ಆಯುಷ್ಯವೂ ಮುಗಿದಿತ್ತು. ಅದರ ಮೇಲೆ ಇಮೇಜ್ ಕಟ್ಟೋ ಹಳೇ ಡಾಕರ್‌ಫೈಲನ್ನು ಇವತ್ತು ಓಡಿಸಿದ್ರೆ ಪ್ಯಾಕೇಜ್ ಸಿಗದೆ ನಿಂತುಬಿಡುತ್ತೆ. ಹಳೇ ಸಂಗ್ರಹದ ವಿಳಾಸ ಹಾಕಿ ಸರಿಪಡಿಸಬೇಕು. ಅಡುಗೆ ವಿಧಾನ ಬರೆದಿಟ್ಟಿದ್ದೀವಿ, ಆದ್ರೆ ಸಾಮಾನು ಮಾರೋ ಅಂಗಡಿಯೇ ಮುಚ್ಚಿದೆ.

ಹಾಗಾದ್ರೆ ಒಳಗಿಟ್ಟ ಡೇಟಾ ಗತಿ? ಫೈಲನ್ನು ಚೂರು ಮಾಡದೆ ಇಡೋ ಮಾದರಿಯಲ್ಲಿ ಗ್ಲಸ್ಟರ್ ಇಟ್ಟಿಗೆಯೊಳಗೆ ಇರೋದು ಮಾಮೂಲಿ ಫೈಲ್. ಗ್ಲಸ್ಟರ್ ಇಲ್ಲದಿದ್ರೂ ಡಿಸ್ಕ್ ತೆರೆದು ಓದಬಹುದು. ನನ್ನ ಕಣ್ಣಿಗೆ ಆ ತಂಡದ ದೊಡ್ಡ ನಿರ್ಧಾರ ಇದೇ.

ತಾಳಗುಂದದ ಕಂಬದ ಕಥೆಯೂ ಇಷ್ಟೇ ತಾನೇ? ಕದಂಬರ ರಾಜ್ಯ ಹೋಯ್ತು, ಬರೆಸಿದವರು ಹೋದ್ರು. ಆದ್ರೆ ಲಿಪಿ ಕಲಿತವರು ಯಾರಾದ್ರೂ ಓದಬಹುದು, ಯಾರ ಅಪ್ಪಣೆಯೂ ಬೇಡ. ನಿಮ್ಮ ಮನೆಯ ಪಹಣಿ, ಅಜ್ಜಿಯ ಫೋಟೋ ಯಾವುದೋ ಆಪ್ ಒಳಗೆ ಮಾತ್ರ ಇದ್ರೆ, ಆ ಆಪ್ ನಿಂತ ದಿನ ಏನು ಮಾಡ್ತೀರಿ? ಇವತ್ತೇ ಒಂದು ಪ್ರತಿ ಹೊರಗೆ ತೆಗೆದಿಡಿ, ಸಾದಾ ಫೈಲಾಗಿ, ಇನ್ನೊಂದು ಜಾಗದಲ್ಲಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.