ಚಂದ್ರನಿಗೆ ಹಾರಿದ ಚಿಲ್ಲರೆ ಕಾಸು

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು 1969ರ ಜುಲೈನಲ್ಲಿ. ಆದರೆ ಅಮೆರಿಕದ ಮಕ್ಕಳ ಚಿಲ್ಲರೆ ಕಾಸು ಅದಕ್ಕೂ ಮೊದಲೇ ಚಂದ್ರನನ್ನು ಸೇರಿತ್ತು! ಹೇಗೆ ಅಂತೀರಾ? ಗೋಲಕದ ದಾರಿಯಲ್ಲಿ.

1950ರ ದಶಕದಲ್ಲಿ ಡೆಟ್ರಾಯಿಟ್‌ನ ಡ್ಯೂರೋ ಮೋಲ್ಡ್ ಕಂಪನಿ 'ಸ್ಟ್ರಾಟೋ ಬ್ಯಾಂಕ್' ಅನ್ನೋ ಲೋಹದ ಗೋಲಕ ಮಾಡಿತು. ಒಂದು ಕಡೆ ರಾಕೆಟ್, ಎದುರಿಗೆ ಚಂದ್ರ. ರಾಕೆಟ್‌ಗೆ ಕಾಸಿಟ್ಟು ಸ್ಪ್ರಿಂಗ್ ಬಿಟ್ಟರೆ ಕಾಸು ಹಾರಿ ಚಂದ್ರನ ಸೀಳಿನೊಳಗೆ ಬೀಳುತ್ತೆ. ನಾನು ಎಂಜಿನಿಯರಿಂಗ್ ಓದಿದವನು, ನನಗೆ ಇಷ್ಟವಾಗೋದು ಇದರ ಸರಳತೆ. ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ. ಸ್ಪ್ರಿಂಗ್‌ನಲ್ಲಿ ಕೂಡಿಟ್ಟ ಶಕ್ತಿಯೇ ಕಾಸಿನ ವೇಗವಾಗುತ್ತೆ, ಅಷ್ಟೇ.

ಈ ಜಾಣತನ ಹಳೆಯದು. 1869ರಲ್ಲೇ 'ಹಾಲ್ಸ್ ಎಕ್ಸೆಲ್ಸಿಯರ್' ಅನ್ನೋ ಎರಕದ ಕಬ್ಬಿಣದ ಗೋಲಕಕ್ಕೆ ಪೇಟೆಂಟ್ ಸಿಕ್ಕಿತ್ತು. ಆಮೇಲೆ ಬಂದ 'ಟ್ಯಾಮನಿ' ಗೋಲಕದಲ್ಲಿ ಕುರ್ಚಿ ಮೇಲೆ ಕೂತ ದಢೂತಿ ಮನುಷ್ಯ, ಕೈಗಿಟ್ಟ ಕಾಸನ್ನು ಜೇಬಿಗೆ ಇಳಿಸಿಬಿಡುತ್ತಿದ್ದ. ನ್ಯೂಯಾರ್ಕ್‌ನ ಭ್ರಷ್ಟ ರಾಜಕಾರಣಕ್ಕೆ ಕೊಟ್ಟ ಟಾಂಗ್ ಅದು! ಅಂದ್ರೆ ಗೋಲಕ ತನ್ನ ಕಾಲದ ಸುದ್ದಿ ಹೇಳುತ್ತೆ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಹಾರಿತಲ್ಲ, ಆಗ ರಾಕೆಟ್ಟೇ ದೊಡ್ಡ ಸುದ್ದಿ.

ಇಂಥ ರಾಕೆಟ್ ಗೋಲಕಗಳನ್ನು ಮಕ್ಕಳಿಗೆ ಹಂಚಿದವರು ಯಾರು? ಬ್ಯಾಂಕುಗಳು. ಅವತ್ತು ಅಮೆರಿಕದಲ್ಲಿ 'ರೆಗ್ಯುಲೇಷನ್ ಕ್ಯೂ' ಅನ್ನೋ ನಿಯಮ ಉಳಿತಾಯದ ಬಡ್ಡಿಗೆ ಮಿತಿ ಹಾಕಿತ್ತು. ಹೆಚ್ಚು ಬಡ್ಡಿ ಕೊಟ್ಟು ಗ್ರಾಹಕರನ್ನು ಸೆಳೆಯೋ ಹಾಗಿಲ್ಲ. ಅದಕ್ಕೇ ಉಡುಗೊರೆ ಕೊಟ್ಟು ಸೆಳೆದರು. ಗೋಲಕದ ಮೇಲೆ ಬ್ಯಾಂಕಿನ ಹೆಸರು, ಒಳಗೆ ಮಗುವಿನ ಕಾಸು, ಹಿಂದೆಯೇ ಅಪ್ಪ ಅಮ್ಮನ ಖಾತೆ!

ಇವತ್ತು ಸಂಗ್ರಾಹಕರು ಇದರಲ್ಲಿ ಏನು ನೋಡ್ತಾರೆ? ಸ್ಪ್ರಿಂಗ್ ಕೆಲಸ ಮಾಡುತ್ತಾ, ಬಣ್ಣ ಮೊದಲಿನದೇನಾ, ಬೀಗದ ಕೈ ಇದೆಯಾ, ಬ್ಯಾಂಕಿನ ಹೆಸರು ಅಳಿಸದೆ ಉಳಿದಿದೆಯಾ. ನಾನು ಇನ್ನೊಂದು ಸೇರಿಸ್ತೀನಿ. ಅದೇ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಮಕ್ಕಳು ಅಣುಬಾಂಬಿಗೆ ಹೆದರಿ ಡೆಸ್ಕ್ ಕೆಳಗೆ ಅಡಗೋ ಅಭ್ಯಾಸ ಮಾಡುತ್ತಿದ್ದರು. ಆ ಬಾಂಬನ್ನು ಹೊತ್ತು ತರಬಹುದಾದದ್ದೂ ರಾಕೆಟ್ಟೇ. ಶಾಲೆಯಲ್ಲಿ ನಡುಗಿಸಿದ ಆಕಾರವೇ ಮನೆಗೆ ಬಂದು 'ನಾಳೆಗೆ ಕೂಡಿಡು' ಅಂತ ಹೇಳಿತು. ನಾಳೆ ಅನ್ನೋದು ಇದ್ದೇ ಇರುತ್ತೆ ಅಂತ ಆ ಮಕ್ಕಳಿಗೆ ಧೈರ್ಯ ತುಂಬಿದ ಆಟಿಕೆ ಇದು. ಹರಾಜಿನಲ್ಲಿ ಅದಕ್ಕೆ ಬೆಲೆ ಕಟ್ಟೋಕಾಗುತ್ತಾ, ನೀವೇ ಹೇಳಿ.